ಲ್ಯಾವೆಂಡರ್ ಬಾಟಲಿ ಮತ್ತು ದವನದ ಕಡ್ಡಿ

ಪರೀಕ್ಷೆಗೆ ಇನ್ನೂ ಆರು ವಾರ ಇತ್ತು. ಬೆಟಗೇರಿಯ ನಮ್ಮ ಮನೆಗೆ ಕೊರಿಯರ್ ಹುಡುಗ ಒಂದು ಪುಟ್ಟ ಡಬ್ಬಿ ತಂದುಕೊಟ್ಟ. ಒಳಗೆ ಹೆಬ್ಬೆರಳು ಗಾತ್ರದ ಕಂದು ಬಾಟಲಿ. ಲ್ಯಾವೆಂಡರ್ ಎಣ್ಣೆ, 10 ಮಿಲಿಲೀಟರ್, 450 ರೂಪಾಯಿ. ಬ್ಯಾಂಕಿನಲ್ಲಿ ಮೂರು ದಶಕ ಲೆಕ್ಕ ಬರೆದ ತಲೆ ಸುಮ್ಮನಿರುತ್ತದೆಯೇ? ಲೀಟರಿಗೆ 45,000 ರೂಪಾಯಿ ಬಿತ್ತು! 'ಇದಕ್ಕಿಂತ ತುಪ್ಪನ ಸೋವಿ' ಅಂದೆ. ಸೊಸೆ ನಗಲಿಲ್ಲ.

ಎಣ್ಣೆ ತರಿಸಿದ್ದು ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮೊಮ್ಮಗಳಿಗಾಗಿ. ಹುಡುಗಿಗೆ ರಾತ್ರಿ ನಿದ್ದೆ ಹಾರಿತ್ತು. ಬೆಳಿಗ್ಗೆ ಎದ್ದರೆ ಹೊಟ್ಟೆನೋವು, ಅಂಗೈ ತುಂಬ ಬೆವರು. 'ಅಜ್ಜಾ, ಎದಿ ಡವಡವ ಅಂತೈತಿ' ಎಂದು ಒಮ್ಮೆ ನನ್ನ ಕೈ ಹಿಡಿದುಕೊಂಡಿದ್ದಳು. ಆ ರಾತ್ರಿ ಸೊಸೆ ದಿಂಬಿನ ಮೂಲೆಗೆ ಒಂದು ಹನಿ ಹಾಕಿದಳು. ಹುಡುಗಿ ಹತ್ತೂವರೆಗೆ ಮಲಗಿದವಳು ಆರಕ್ಕೆ ಎದ್ದಳು. ತುಪ್ಪದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಇದು ಹೇಗೆ ಸಾಧ್ಯ ಎಂದು ತಿಳಿಯುವ ಹುಚ್ಚು ಹಿಡಿಯಿತು. ನಾವು ನೋಡುವುದು, ಕೇಳುವುದು, ಮುಟ್ಟುವುದೆಲ್ಲ ಮೆದುಳಿನಲ್ಲಿ ಥಲಾಮಸ್ ಎಂಬ ಒಂದು ನಾಕಾ ದಾಟಿ ಮುಂದೆ ಹೋಗಬೇಕು. ವಾಸನೆಗೆ ಮಾತ್ರ ಆ ನಾಕಾ ಇಲ್ಲ. ಮೂಗಿನ ಮೇಲ್ಭಾಗದ ನರಗಳಿಂದ ಹೊರಟ ಸುದ್ದಿ ನೇರವಾಗಿ ಭಯ ಮತ್ತು ನೆನಪುಗಳ ಕೋಣೆಗೆ ನುಗ್ಗುತ್ತದೆ. ಮಳೆಯ ಮೊದಲ ಹನಿಗೆ ಎದ್ದ ಎರಿ ಮಣ್ಣಿನ ವಾಸನೆ ನಮ್ಮನ್ನು ಐವತ್ತು ವರ್ಷ ಹಿಂದಕ್ಕೆ ಒಯ್ಯುವುದು ಇದೇ ಕಾರಣಕ್ಕೆ.

ನನ್ನ ನೌಕರಿ ಎಲ್ಲ ಈ ಸುತ್ತಿನಲ್ಲೇ ಕಳೆಯಿತು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಕೊನೆಗೆ ಗದಗ. ಊರುಗಳನ್ನು ನಾನು ನೆನಪಿಡುವುದು ವಾಸನೆಯಿಂದಲೇ. ಲೋಬಾನದ ಹೊಗೆ ಬಂದರೆ ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆ. ಕಿವಿಯಲ್ಲಿಟ್ಟ ಅತ್ತರಿನ ಹತ್ತಿಯೆಂದರೆ ಲಕ್ಷ್ಮೇಶ್ವರದ ಉರುಸು. ಮುಂಡರಗಿ ಎಂದರೆ ಮಲ್ಲಿಗೆ. ಅಲ್ಲಿಂದ ತುಂಗಭದ್ರೆ ದಾಟಿದರೆ ಹೂವಿನ ಹಡಗಲಿ, ಅಲ್ಲಿನ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಸಂಜೆ ಕ್ಯಾಶ್ ತಾಳೆಯಾಗದೆ ತಲೆ ಬಿಸಿಯಾದ ದಿನ ಎರಡು ಮೊಳ ಮಲ್ಲಿಗೆ ಕಟ್ಟಿಸಿಕೊಂಡು ಮನೆಗೆ ಹೋಗುತ್ತಿದ್ದೆ. ಹೆಂಡತಿಗೆಂದು ಒಯ್ಯುತ್ತಿದ್ದೆ ನಿಜ, ದಾರಿಯುದ್ದಕ್ಕೂ ಮೂಸುತ್ತಿದ್ದವನು ನಾನೇ.

ಮುಂಡರಗಿಯಲ್ಲಿದ್ದಾಗ ಡೋಣಿ ಕಡೆಯಿಂದ ಕಪ್ಪತಗುಡ್ಡ ಹತ್ತಿದ್ದೆವು. ದನ ಮೇಯಿಸುತ್ತಿದ್ದ ಮುದುಕನೊಬ್ಬ ಒಂದು ಹುಲ್ಲಿನ ಎಸಳು ಹಿಸುಕಿ ಮೂಗಿಗೆ ಹಿಡಿದ. ಘಮ್ಮೆಂದು ನಿಂಬೆಯ ವಾಸನೆ! ನಮ್ಮಲ್ಲಿ ಮಜ್ಜಿಗೆ ಹುಲ್ಲು ಎಂದು ಕುಂಡದಲ್ಲಿ ಬೆಳೆಸುತ್ತಾರಲ್ಲ, ಅದರ ಬಳಗದ ಹುಲ್ಲು. ಅದರಲ್ಲಿರುವ ಸಿಟ್ರಾಲ್ ಎಂಬ ವಸ್ತುವೇ ಆ ವಾಸನೆಗೆ ಕಾರಣ. ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಈಗ ಅಲ್ಲಿ ಹೋಗಿ ಹುಲ್ಲು ಕೀಳುವ ಹಾಗಿಲ್ಲ. ಹುಲ್ಲು ಬೇಕಾದರೆ ನರ್ಸರಿಯಿಂದ ತಂದು ಹಿತ್ತಿಲಲ್ಲಿ ನೆಟ್ಟುಕೊಳ್ಳಿ, ಗುಡ್ಡವನ್ನು ಅದರ ಪಾಡಿಗೆ ಬಿಡಿ.

ಗಿಡದಿಂದ ಎಣ್ಣೆ ಹೊರಡುವ ಬಗೆ ಮಕ್ಕಳಿಗೂ ತಿಳಿಯುವಂಥದು. ಇಡ್ಲಿ ಪಾತ್ರೆ ನೆನಪಿಸಿಕೊಳ್ಳಿ. ಕೆಳಗೆ ನೀರು ಕುದಿಯುತ್ತದೆ, ಮೇಲಿಟ್ಟ ಸೊಪ್ಪಿನೊಳಗೆ ಉಗಿ ಹಾಯುತ್ತದೆ, ಎಣ್ಣೆಯ ಕಣಗಳು ಉಗಿಯೊಡನೆ ಏರುತ್ತವೆ. ಆ ಉಗಿಯನ್ನು ಕೊಳವೆಯಲ್ಲಿ ಹಾಯಿಸಿ ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರ್ನಾಲ್ಕು ಸಾವಿರ ಕಿಲೋ ಹೂವು ಬೇಕು. ಈಗ ಬಾಟಲಿಯ ಬೆಲೆ ನನಗೂ ಅರ್ಥವಾಯಿತು. ನಮ್ಮ ರಾಜ್ಯಕ್ಕೆ ಈ ವಿದ್ಯೆ ಹೊಸದಲ್ಲ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. ಇನ್ನು ಲ್ಯಾವೆಂಡರ್ ಬರೀ ಫ್ರಾನ್ಸಿನದು ಎಂದುಕೊಂಡಿದ್ದೆ, ಜಮ್ಮುವಿನ ಭದ್ರವಾಹದ ರೈತರೂ ಈಗ ಎಕರೆಗಟ್ಟಲೆ ಬೆಳೆಯುತ್ತಾರೆ.

ಅರೋಮಾಥೆರಪಿ ಎಂಬ ಹೆಸರು ಕೊಟ್ಟವನು ಗಾಟ್‌ಫೊಸೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. ಪ್ರಯೋಗಾಲಯದ ಸ್ಫೋಟದಲ್ಲಿ ಅವನ ಕೈ ಸುಟ್ಟಿತ್ತು, ಗಾಯಕ್ಕೆ ಲ್ಯಾವೆಂಡರ್ ಹಚ್ಚಿ ನೋಡಿದ. 1937ರಲ್ಲಿ ಅದೇ ಹೆಸರಿನ ಪುಸ್ತಕ ಬರೆದ. ಹೆಸರು ಅವನದಾದರೂ ಪದ್ಧತಿ ನಮ್ಮ ಅಜ್ಜಿಯರದೂ ಹೌದು. ನಮ್ಮವ್ವ ಲಾವಂಚದ ಬೇರನ್ನು ಟ್ರಂಕಿನ ಸೀರೆಗಳ ನಡುವೆ ಇಡುತ್ತಿದ್ದಳು, ಬೇಸಿಗೆಯಲ್ಲಿ ಅದನ್ನೇ ಹರವಿಗೆ ಹಾಕುತ್ತಿದ್ದಳು. ಮನಸ್ಸಿಗೆ ತಂಪು ಎನ್ನುತ್ತಿದ್ದಳೇ ಹೊರತು ಚಿಕಿತ್ಸೆ ಎನ್ನುತ್ತಿರಲಿಲ್ಲ.

ಹಾಗಾದರೆ ಇದರಿಂದ ಆತಂಕ ಹೋಗುತ್ತದೆಯೇ? ಶಸ್ತ್ರಚಿಕಿತ್ಸೆಗೆ ಮೊದಲು, ಹಲ್ಲು ಕೀಳಿಸುವ ಮೊದಲು ಲ್ಯಾವೆಂಡರ್ ಮೂಸಿದವರ ಕಳವಳ ಸ್ವಲ್ಪ ತಗ್ಗಿತು ಎಂದು ಹೇಳುವ ಸಣ್ಣ ಸಣ್ಣ ಅಧ್ಯಯನಗಳು ಬಹಳ ಇವೆ. ಒಂದು ತೊಡಕೂ ಇದೆ. ಗುಳಿಗೆಯಾದರೆ ಔಷಧಿಯದು ಯಾವುದು, ಬರೀ ಸಕ್ಕರೆಯದು ಯಾವುದು ಎಂದು ರೋಗಿಗೆ ತಿಳಿಯದಂತೆ ಕೊಟ್ಟು ಪರೀಕ್ಷಿಸಬಹುದು. ವಾಸನೆಯನ್ನು ಬಚ್ಚಿಡುವುದು ಹೇಗೆ? ಮೂಸಿದವನಿಗೆ ಗೊತ್ತಾಗಿಯೇ ಹೋಗುತ್ತದೆ. ಜರ್ಮನಿಯಲ್ಲಿ 80 ಮಿಲಿಗ್ರಾಂ ಲ್ಯಾವೆಂಡರ್ ಎಣ್ಣೆಯ ಕ್ಯಾಪ್ಸೂಲ್ ಔಷಧಿಯಾಗಿಯೇ ಮಾರಾಟವಾಗುತ್ತದೆ, ಅದರ ಮೇಲಿನ ಪ್ರಯೋಗಗಳು ಹೆಚ್ಚು ಗಟ್ಟಿ. ಅದು ಅಳತೆ ಮಾಡಿ ತಯಾರಿಸಿದ ಔಷಧಿ. ಹಾಗೆಂದು ಮನೆಯ ಬಾಟಲಿಯಿಂದ ಹನಿ ನುಂಗುವುದು ಬೇಡವೇ ಬೇಡ.

ಇಲ್ಲಿ ತಾಯಂದಿರು ಸ್ವಲ್ಪ ಗಮನ ಕೊಡಬೇಕು. ನೀಲಗಿರಿ ಎಣ್ಣೆ, ಕರ್ಪೂರ ನಮ್ಮ ಪ್ರತಿ ಮನೆಯಲ್ಲೂ ಇವೆ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆ ಕುಡಿದರೂ ಅಷ್ಟೇ ಅಪಾಯ. ನೆಗಡಿಯೆಂದು ಕೂಸಿನ ಮೂಗಿನ ಹತ್ತಿರ ಇವನ್ನು ಹಚ್ಚಬಾರದು, ಉಸಿರು ಕಟ್ಟಬಹುದು. ದಮ್ಮಿನ ತೊಂದರೆ ಇದ್ದವರಿಗೆ ಊದುಬತ್ತಿ, ಲೋಬಾನದ ಹೊಗೆಯೂ ಆಗಿಬರುವುದಿಲ್ಲ. ಶುದ್ಧ ಸುಗಂಧ ತೈಲವನ್ನು ಚರ್ಮಕ್ಕೆ ನೇರವಾಗಿ ಹಚ್ಚದೆ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಬೇಕು. ಲೆಕ್ಕ ಸುಲಭ: ಒಂದು ಮಿಲಿಲೀಟರಿಗೆ ಸುಮಾರು 20 ಹನಿ, ಐದು ಮಿಲಿಲೀಟರಿನ ಚಮಚಕ್ಕೆ 100 ಹನಿ. ಚಮಚ ಕೊಬ್ಬರಿ ಎಣ್ಣೆಗೆ ಒಂದು ಹನಿ ಹಾಕಿದರೆ ಶೇಕಡಾ ಒಂದು, ದೊಡ್ಡ ಮಕ್ಕಳಿಗೆ ಅಷ್ಟು ಸಾಕು. 'ನೈಸರ್ಗಿಕ' ಎಂಬ ಪದ ನೋಡಿ ಹತ್ತು ಹನಿ ಸುರಿಯುವವರಿದ್ದಾರೆ. ಕಳ್ಳಿಯ ಹಾಲೂ ನೈಸರ್ಗಿಕವೇ ಅಲ್ಲವೇ?

ನಮ್ಮ ಮನೆಯಲ್ಲೂ ಹನಿ ಏರುತ್ತಾ ಹೋಯಿತು. ಮೊದಲ ವಾರ ಒಂದಿದ್ದದ್ದು ಮೂರನೇ ವಾರಕ್ಕೆ ಐದಾಯಿತು. ಕೋಣೆಯ ಬಾಗಿಲು ತೆರೆದರೆ ತಲೆ ಸುತ್ತುವಷ್ಟು ವಾಸನೆ. ಹುಡುಗಿಗೆ ತಲೆನೋವು ಶುರುವಾಯಿತು, ನಿದ್ದೆ ಮತ್ತೆ ಹಾರಿತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅರ್ಧ ತಾಸು ಪೆನ್ನು ಹಿಡಿಯಲಾಗದೆ ಕೂತಿದ್ದಳಂತೆ. ಅದನ್ನು ಮನೆಯಲ್ಲಿ ಹೇಳಿದ್ದು ನಾಲ್ಕು ದಿನದ ಮೇಲೆ.

ಗದಗಿನಲ್ಲಿ ಮನೋವೈದ್ಯರೊಬ್ಬರ ಬಳಿ ಕರೆದೊಯ್ದೆವು. ಹೋಗಲು ನಾನೇ ಹಿಂದೇಟು ಹಾಕಿದವನು, 'ಮಂದಿ ಏನಂದಾರು' ಎಂದು. ಡಾಕ್ಟರು ಎಣ್ಣೆಯನ್ನು ಬೈಯಲಿಲ್ಲ. ಹಿತವೆನಿಸಿದರೆ ಒಂದು ಹನಿ ಇರಲಿ ಎಂದರು. ಆಮೇಲೆ ನಮ್ಮನ್ನು ಹೊರಗೆ ಕೂರಿಸಿ ಹುಡುಗಿಯೊಡನೆ ಮಾತಾಡಿದರು. ಮುಕ್ಕಾಲು ತಾಸು. ಹೊರಗೆ ಬಂದ ಡಾಕ್ಟರು ನನ್ನನ್ನೇ ನೋಡಿ ಕೇಳಿದರು: 'ದಿನಾ ಸಂಜೆ ಆಕೀಗೆ ಏನು ಕೇಳ್ತೀರಿ?'

ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. 'ಇವತ್ತಿನ ಟೆಸ್ಟ್‌ನಾಗ ಎಷ್ಟು ಬಂತು?' ಎಂಟನೇ ತರಗತಿಯಿಂದಲೂ ಕೇಳುತ್ತಿದ್ದೆ. ಸಣ್ಣ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ, ಹಿಂದಿನದಕ್ಕಿಂತ ಎಷ್ಟು ಕಡಿಮೆ ಎಂದು ಕೆಂಪು ಪೆನ್ನಿನಲ್ಲಿ ಗುರುತೂ ಹಾಕುತ್ತಿದ್ದೆ. ದಿನದ ಕೊನೆಗೆ ಕ್ಯಾಶ್ ತಾಳೆ ನೋಡಿದ ಹಾಗೆ. ಅದರಲ್ಲಿ ತಪ್ಪಿದೆ ಎಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ. ಸಂಜೆ ಆರಕ್ಕೆ ನನ್ನ ಚಪ್ಪಲಿ ಸಪ್ಪಳ ಕೇಳಿದರೆ ಎದೆ ಡವಡವ ಎನ್ನುತ್ತದೆ ಎಂದು ಹುಡುಗಿ ಡಾಕ್ಟರಿಗೆ ಹೇಳಿದ್ದಳು. ಇಡೀ ತಿಂಗಳು ಆ ಡವಡವದ ಮೇಲೆ ನಾವು ಲ್ಯಾವೆಂಡರ್ ಸುರಿಯುತ್ತಿದ್ದೆವು.

ನೋಟುಬುಕ್ಕು ಈಗ ರದ್ದಿಗೆ ಹೋಗಿದೆ. ಡಾಕ್ಟರು ಹೇಳಿಕೊಟ್ಟದ್ದು ನಾಲ್ಕು ಎಣಿಸುತ್ತ ಉಸಿರು ಎಳೆದು ಆರು ಎಣಿಸುತ್ತ ಬಿಡುವುದು, ಜೊತೆಗೆ ವಾರಕ್ಕೊಮ್ಮೆ ಮಾತು. ಒಳ್ಳೆಯ ವಾಸನೆ ಬಂದಾಗ ನಾವು ತಾನಾಗಿ ಮಾಡುವುದೂ ಅದನ್ನೇ: ಉದ್ದ ಉಸಿರು ಎಳೆಯುತ್ತೇವೆ. ಎಣ್ಣೆಯ ಅರ್ಧ ಗುಟ್ಟು ಅಲ್ಲೇ ಇದೆ ಎಂದು ನನ್ನ ಅನಿಸಿಕೆ. ಮಗುವಿನ ನಿದ್ದೆ, ಊಟ, ಆಟ ಎರಡು ವಾರ ಕೆಟ್ಟರೆ ಬಾಟಲಿ ಬದಲಿಸುತ್ತ ಕೂರಬೇಡಿ, ವೈದ್ಯರಿಗೆ ತೋರಿಸಿ. ದೂರದ ಹಳ್ಳಿಯವರು 14416ಕ್ಕೆ ಫೋನ್ ಮಾಡಬಹುದು. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪರೀಕ್ಷೆಯ ಹೊತ್ತಿಗೆ ಪೇಟೆಗೆ ದವನ ಬಂದಿತ್ತು. ದವನದ ಹುಣ್ಣಿಮೆ ಚೈತ್ರದಲ್ಲಲ್ಲವೇ. ಜಗತ್ತಿನ ಸುಗಂಧ ವ್ಯಾಪಾರಿಗಳು ಕೊಳ್ಳುವ ದವನದ ಎಣ್ಣೆ ಹೆಚ್ಚಾಗಿ ನಮ್ಮ ದಕ್ಷಿಣ ಭಾರತದ್ದೇ. ಹತ್ತು ರೂಪಾಯಿಗೆ ಒಂದು ಕಟ್ಟು ತಂದೆ. ಗಣಿತದ ದಿನ ಬೆಳಿಗ್ಗೆ ಮೊಮ್ಮಗಳು ತಾನೇ ಒಂದು ಕಡ್ಡಿ ಮುರಿದು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಳು. ಮಧ್ಯಾಹ್ನ ಕರೆತರಲು ಹೋದಾಗ ಶಾಲೆಯ ಗೇಟಿನಲ್ಲಿ ನಾನು ತುಟಿ ಬಿಗಿದು ನಿಂತಿದ್ದೆ, ಎಲ್ಲಿ ಹಳೆಯ ಪ್ರಶ್ನೆ ಬಾಯಿಗೆ ಬಂದೀತೋ ಎಂದು. ಅವಳೇ ಹತ್ತಿರ ಬಂದು, 'ಅಜ್ಜಾ, ಹಸಿವಾಗೇತಿ, ಗಿರಮಿಟ್ ಕೊಡಸು' ಅಂದಳು. ಬಸ್ ಸ್ಟ್ಯಾಂಡ್ ಹತ್ತಿರ ಎರಡು ಪ್ಲೇಟ್ ಹೇಳಿದೆವು. ತಿಂದು ಮುಗಿಸುವ ತನಕ ಗಣಿತದ ಮಾತು ಇಬ್ಬರೂ ಎತ್ತಲಿಲ್ಲ.