ಕೃಷಿ ಹೊಂಡಕ್ಕೆ ಬೇಲಿ, ಹಗ್ಗ ಮತ್ತು ಎಚ್ಚರ

ಮಳೆಯಾಶ್ರಿತ ಬೇಸಾಯದಲ್ಲಿ ಕೃಷಿ ಹೊಂಡದ ಉಪಯೋಗವನ್ನು ರೈತ ಬಾಂಧವರಿಗೆ ಮತ್ತೆ ವಿವರಿಸಬೇಕಾಗಿಲ್ಲ. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದ ಒಣಭೂಮಿ ಪ್ರದೇಶಗಳಲ್ಲಿ ಸಾವಿರಾರು ಹೊಂಡಗಳಾಗಿವೆ. ಬೆಳೆ ಬಾಡುವ ಹೊತ್ತಿಗೆ ಒಂದೆರಡು ನೀರು ಕೊಟ್ಟು ರಾಗಿ, ತೊಗರಿ, ಶೇಂಗಾ ಉಳಿಸಿಕೊಂಡವರು ಅನೇಕರು. ಆದರೆ ಇದೇ ಹೊಂಡಗಳಲ್ಲಿ ಮಕ್ಕಳು ಜಾರಿ ಬಿದ್ದು ಸತ್ತ ಸುದ್ದಿಯೂ ಮೇಲಿಂದ ಮೇಲೆ ಬರುತ್ತಿದೆ. ಕೆಲವೊಮ್ಮೆ ಮಗುವನ್ನು ಎತ್ತಲು ಇಳಿದ ತಂದೆಯೋ ಅಕ್ಕನೋ ಕೂಡ ಮೇಲೆ ಬರುವುದಿಲ್ಲ.

ಹೊಂಡ ಬಾವಿಯಂತಲ್ಲ

ಹಳೆಯ ನೀರಾವರಿ ಬಾವಿಗೆ ಮೆಟ್ಟಿಲುಗಳಿರುತ್ತಿದ್ದವು. ಹಿಡಿಯಲು ಕಲ್ಲಿನ ಸಂದು ಸಿಗುತ್ತಿತ್ತು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದಲ್ಲಿ ಇವು ಯಾವುವೂ ಇಲ್ಲ. ಆಳ ಸಾಮಾನ್ಯವಾಗಿ 3 ಮೀಟರ್, ಅಂದರೆ ಸುಮಾರು 10 ಅಡಿ. ಇಳಿಜಾರಿನ ಹಾಳೆ ನೆನೆದು ಪಾಚಿ ಕಟ್ಟಿದರೆ ಕಾಲು ನಿಲ್ಲದು, ಕೈಗೆ ಹಿಡಿತ ಸಿಗದು. ಈಜು ಬಲ್ಲವರು ಕೂಡ ದಡ ಹತ್ತಲಾರದೆ ದಣಿದು ಮುಳುಗುತ್ತಾರೆ.

ರೈತರು ಮಾಡಬೇಕಾದ ಏರ್ಪಾಡುಗಳು

1. ಹೊಂಡದ ಸುತ್ತ 4 ಅಡಿಗೆ ಕಡಿಮೆಯಿಲ್ಲದ ಬೇಲಿ ಹಾಕಬೇಕು. ಮಗು ನುಸುಳುವಷ್ಟು ಸಂದು ಇರಬಾರದು. ಬಾಗಿಲಿನ ಅಗಳಿ ಮಕ್ಕಳ ಕೈಗೆ ಎಟುಕದಂತಿರಲಿ. ಯೋಜನೆಯಲ್ಲಿ ತಂತಿ ಬೇಲಿಗೆ ದೊರೆಯುವ ನೆರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

2. ನಾಲ್ಕು ಬದಿಗೂ ಗಟ್ಟಿ ಗೂಟ ನೆಟ್ಟು, ಮೊಳಕ್ಕೊಂದು ಗಂಟು ಹಾಕಿದ ನೈಲಾನ್ ಹಗ್ಗವನ್ನು ತಳದವರೆಗೆ ಇಳಿಬಿಡಬೇಕು. ಒಂದು ಬದಿಗೆ ಹಗ್ಗದ ಏಣಿ ಇದ್ದರೆ ಇನ್ನೂ ಒಳ್ಳೆಯದು.

3. ಗಾಳಿ ತುಂಬಿದ ಲಾರಿ ಟ್ಯೂಬು, ಉದ್ದನೆಯ ಬಿದಿರು ಗಳ ಸದಾ ದಡದಲ್ಲಿರಲಿ.

4. ಕೈ ತೊಳೆಯಲು, ಕುರಿ ಮೇಕೆಗೆ ನೀರು ತರಲು ಬಗ್ಗಿದಾಗಲೇ ಕಾಲು ಜಾರುವುದು ಹೆಚ್ಚು. ಆದುದರಿಂದ ಬೇಲಿಯ ಹೊರಗೆ ಒಂದು ತೊಟ್ಟಿ ಕಟ್ಟಿ, ಪಂಪಿನಿಂದ ನೀರು ತುಂಬಿಸಿರಿ.

ಮಕ್ಕಳಿಗೆ ಈಜು

ಹಿಂದೆ ಹಿರಿಯರು ಒಣ ಸೋರೆ ಬುರುಡೆ ಕಟ್ಟಿ ಮಕ್ಕಳನ್ನು ಬಾವಿಗಿಳಿಸಿ ಈಜು ಕಲಿಸುತ್ತಿದ್ದರು. ಬಾವಿಗಳು ಬತ್ತಿ ಕೊಳವೆ ಬಾವಿ ಬಂದ ಮೇಲೆ ಆ ಪಾಠ ನಿಂತಿತು. ಅದನ್ನು ಮತ್ತೆ ಆರಂಭಿಸಬೇಕು. ಆದರೆ ಹೊಂಡದಲ್ಲಲ್ಲ, ಆಳ ಕಡಿಮೆಯಿರುವ ನೀರಿನಲ್ಲಿ, ಬಲ್ಲವರ ಎದುರಿನಲ್ಲಿ. ಶಾಲಾ ಮಕ್ಕಳಿಗೆ ಈಜು ಕಲಿಸುವುದು, ಎಳೆಯ ಮಕ್ಕಳನ್ನು ಒಬ್ಬರ ಕಣ್ಗಾವಲಿನಲ್ಲಿಡುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳಲ್ಲಿ ಸೇರಿವೆ. ಮನೆಮನೆಗೂ ಕೊಳವಿರುವ ಬಾಂಗ್ಲಾದೇಶದ ಹಳ್ಳಿಗಳಲ್ಲಿ, ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತು ಪುಟ್ಟ ಮಕ್ಕಳನ್ನು ಶಿಶು ಕೇಂದ್ರಗಳಲ್ಲಿ ನೋಡಿಕೊಂಡು ಸಾವು ತಗ್ಗಿಸಿದ್ದಾರೆ. ಕಳೆ, ಕೊಯ್ಲಿನ ದಿನಗಳಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯದೆ ಅಂಗನವಾಡಿಯಲ್ಲಿ ಬಿಡುವುದು ಲೇಸು.

ಯಾರಾದರೂ ಬಿದ್ದರೆ

ನೀರಿಗೆ ಹಾರಬೇಡಿ. ಕೂಗಿ ಜನ ಸೇರಿಸಿ. ಹಗ್ಗ, ಗಳ, ಟ್ಯೂಬು ಕೊಡಿ. ಏನೂ ಸಿಗದಿದ್ದರೆ ಸೀರೆ ಅಥವಾ ಪಂಚೆ ಎಸೆದು, ದಡದಲ್ಲಿ ಮಲಗಿ ಎಳೆಯಿರಿ.

ಮೇಲೆತ್ತಿದವರನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು. ಅದರಿಂದ ಅಮೂಲ್ಯ ನಿಮಿಷಗಳು ಹಾಳಾಗುತ್ತವೆ. ಉಪ್ಪಿನಲ್ಲಿ ಹೂತರೆ ಜೀವ ಮರಳುತ್ತದೆಂಬುದು ಪೂರ್ತಿ ಸುಳ್ಳು. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ನಂಬಿ ಗಂಟೆಗಟ್ಟಲೆ ಕಾದದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು.

ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಊದಬೇಕು. ಬಳಿಕ ಎದೆಯ ನಡುವೆ 30 ಸಲ ಒತ್ತಿ, 2 ಸಲ ಊದಿ, ವಾಹನ ಬರುವವರೆಗೂ ಮುಂದುವರಿಸಬೇಕು. ಈ ನಡುವೆ ಮತ್ತೊಬ್ಬರು 108ಕ್ಕೆ ಕರೆ ಮಾಡಲಿ. ಈ ಕ್ರಮವನ್ನು ಓದಿ ಬಿಟ್ಟರೆ ಸಾಲದು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಗ್ರಾಮಸಭೆಗೆ ಕರೆಸಿ, ಊರಿನ ಯುವಕರೂ ಮಹಿಳೆಯರೂ ಕೈಯಾರೆ ಕಲಿಯಬೇಕು.

ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗಡೆ ಸಾವು ತಡೆಯುವ ದಿನವೆಂದು ಸಾರಿತು. ನಮ್ಮಲ್ಲಿ ಹೊಂಡಗಳು ತುಂಬತೊಡಗುವುದೂ ಆ ಹೊತ್ತಿಗೇ. ಆದುದರಿಂದ ಹೊಂಡ ತೋಡಿ ಹಾಳೆ ಹಾಸಿದ ಕೂಡಲೇ ಕೆಲಸ ಮುಗಿಯಿತೆಂದು ತಿಳಿಯದೆ, ಮೊದಲ ಮಳೆಗೆ ಮುಂಚೆ ಬೇಲಿ ಹಾಕಿ ಹಗ್ಗ ಕಟ್ಟಿರಿ.