ಮನೆಯ ಅಕ್ವೇರಿಯಮ್‌ನಲ್ಲಿ ಅರೋವಾನಾ ಮರಿಗಳ ಪಾಲನೆ

ಅಲಂಕಾರಿಕ ಮೀನುಗಳ ಸಾಕಣೆ ಈಗ ಪಟ್ಟಣಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಗಪ್ಪಿ, ಗೋಲ್ಡ್‌ಫಿಶ್‌ಗಳನ್ನು ಸಾಕಿ ಕೈ ಪಳಗಿದವರು ನಂತರ ಆಸೆಪಡುವ ಮೀನುಗಳಲ್ಲಿ ಅರೋವಾನಾ ಮುಖ್ಯವಾದುದು. ಉದ್ದನೆಯ ಚಪ್ಪಟೆ ದೇಹ, ಅಗಲವಾಗಿ ಹೊಳೆಯುವ ಹುರುಪೆಗಳು, ಗದ್ದದಿಂದ ಮುಂದಕ್ಕೆ ಚಾಚಿದ ಎರಡು ಮೀಸೆಗಳು ಇದರ ಗುರುತು. ಸಾಕಷ್ಟು ಹಣ ಕೊಟ್ಟು ತಂದ ಮರಿ ಕೆಲವೇ ವಾರಗಳಲ್ಲಿ ಸಾಯುವುದುಂಟು. ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ರೋಗವಲ್ಲ. ಸಿದ್ಧವಾಗದ ನೀರು, ಮುಚ್ಚಳವಿಲ್ಲದ ತೊಟ್ಟಿ ಮತ್ತು ತಪ್ಪು ಆಹಾರ.

ಮೀನಿನ ಸ್ವಭಾವ

ಇಲ್ಲಿ ವಿವರಿಸಿರುವುದು ಬೆಳ್ಳಿ ಅರೋವಾನಾ ಮೀನಿನ ವಿಷಯ. ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿ ಪ್ರದೇಶ. ಪ್ರವಾಹ ಕಾಲದಲ್ಲಿ ನೀರು ತುಂಬಿದ ಕಾಡಿನೊಳಗೆ ನುಗ್ಗಿ, ನೀರಿನ ಮೇಲ್ಭಾಗದಲ್ಲೇ ಈಜುತ್ತಾ, ಮೇಲಿನಿಂದ ಬೀಳುವ ಜೀರುಂಡೆ, ಜೇಡ ಮುಂತಾದವನ್ನು ಹಿಡಿಯುತ್ತದೆ. ಕೊಂಬೆಯ ಮೇಲಿನ ಕೀಟವನ್ನು ನೀರಿನಿಂದ ಹಾರಿ ಹಿಡಿಯುವುದೂ ಉಂಟು. ಬಾಯಿ ಮೇಲ್ಮುಖವಾಗಿರುವುದು ಈ ಕಾರಣಕ್ಕೇ. ಗಂಡು ಮೀನು ಮೊಟ್ಟೆಗಳನ್ನೂ ಮರಿಗಳನ್ನೂ ಸುಮಾರು ಎರಡು ತಿಂಗಳ ಕಾಲ ತನ್ನ ಬಾಯಿಯಲ್ಲೇ ಇಟ್ಟುಕೊಂಡು ಕಾಪಾಡುತ್ತದೆ.

ಆಗ್ನೇಯ ಏಷ್ಯಾದ ಅರೋವಾನಾ ಬೇರೆಯೇ ಜಾತಿ. ಅದೃಷ್ಟ ತರುತ್ತದೆಂಬ ನಂಬಿಕೆಯಿಂದ ಅದಕ್ಕೆ ಬಹಳ ಬೆಲೆಯಿದೆ. ವಿನಾಶದ ಅಂಚಿನಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಮೊದಲನೆಯ ಪಟ್ಟಿಯಲ್ಲಿ ಅದು ಸೇರಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಂತಹ ಜೀವಿಗಳನ್ನು ಸಾಕುವವರು ಅಧಿಕಾರಿಗಳಿಗೆ ವರದಿ ಮಾಡಿ ನೋಂದಾಯಿಸಬೇಕು. ದಾಖಲೆಯಿಲ್ಲದೆ ಅದನ್ನು ಕೊಳ್ಳಬಾರದು.

ತೊಟ್ಟಿಯ ಅಳತೆ

ಬೆರಳುದ್ದದ ಮರಿಗೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸಾಕು. ಇದರಲ್ಲಿ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ಆದರೆ ಮರಿ ಬಹು ಬೇಗ ಬೆಳೆದು ಎರಡೂವರೆ ಅಡಿಗೂ ಮೀರಬಹುದು. ಆಗ ಕನಿಷ್ಠ 6 ಅಡಿ ಉದ್ದ, ಎರಡೂವರೆ ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ಬೇಕಾಗುತ್ತದೆ. ಎತ್ತರಕ್ಕಿಂತ ಅಗಲ ಮುಖ್ಯ. ಮೀನು ಸುಲಭವಾಗಿ ತಿರುಗುವಂತಿರಬೇಕು. ಈ ತೊಟ್ಟಿ ತುಂಬಿದರೆ ನೀರಿನ ತೂಕವೇ 850 ಕಿಲೋಗ್ರಾಂ ಆಗುವುದರಿಂದ ಗಟ್ಟಿ ನೆಲದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಅವಶ್ಯಕ. ಇಷ್ಟು ಸ್ಥಳ ಒದಗಿಸಲಾಗದವರು ಮರಿಯನ್ನು ಕೊಳ್ಳದಿರುವುದೇ ಲೇಸು.

ತೊಟ್ಟಿಯನ್ನು ಪೂರ್ತಿ ಮುಚ್ಚುವ, ಭಾರವಾದ ಮುಚ್ಚಳ ಇರಲೇಬೇಕು. ಪೈಪು, ವೈರುಗಳಿಗಾಗಿ ಬಿಟ್ಟ ಸಂದಿಯೂ ಮರಿ ಹಾರಿಹೋಗಲು ಸಾಕು. ಚೂಪಾದ ಕಲ್ಲುಗಳನ್ನು ಒಳಗೆ ಇಡಬಾರದು. ಕತ್ತಲೆಯಲ್ಲಿ ಥಟ್ಟನೆ ದೀಪ ಹಾಕಿದರೆ ಮೀನು ಬೆದರಿ ಗಾಜಿಗೆ ಬಡಿದುಕೊಳ್ಳುತ್ತದೆ. ಮೊದಲು ಕೋಣೆಯ ದೀಪ, ಸ್ವಲ್ಪ ಹೊತ್ತಿನ ನಂತರ ತೊಟ್ಟಿಯ ದೀಪ ಹಾಕಬೇಕು.

ನೀರಿನ ನಿರ್ವಹಣೆ

ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಅಮೋನಿಯಾ ಆಗಿ, ಸೂಕ್ಷ್ಮಜೀವಿಗಳಿಂದ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗುವುದು ರೈತರಿಗೆ ತಿಳಿದ ವಿಷಯ. ತೊಟ್ಟಿಯಲ್ಲಿ ನಡೆಯುವುದೂ ಇದೇ ಕ್ರಿಯೆ. ಮೀನು ಕಿವಿರುಗಳ ಮೂಲಕ ಅಮೋನಿಯಾ ಹೊರಹಾಕುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಮೀನಿಗೆ ವಿಷ. ಅವುಗಳನ್ನು ಮಾರ್ಪಡಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಹೊಸ ತೊಟ್ಟಿಗೆ ಅದೇ ದಿನ ಮರಿ ಬಿಟ್ಟರೆ ಅದು ಉಳಿಯುವುದು ಕಷ್ಟ. ರೋಗವಿಲ್ಲದ ಹಳೆಯ ತೊಟ್ಟಿಯ ಸ್ಪಂಜನ್ನು ಹೊಸ ಫಿಲ್ಟರಿಗೆ ಹಾಕಿದರೆ ಈ ಅವಧಿ ಕಡಿಮೆಯಾಗುತ್ತದೆ. ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು.

ನೀರಿನ ಉಷ್ಣತೆ 26ರಿಂದ 28 ಡಿಗ್ರಿ ಸೆಲ್ಸಿಯಸ್, ರಸಸಾರ 6ರಿಂದ 7 ಇರುವುದು ಉತ್ತಮ. ರಸಸಾರ ಹೆಚ್ಚಿದಷ್ಟೂ ಅಮೋನಿಯಾದ ವಿಷ ಹೆಚ್ಚುತ್ತದೆ. ಆದ್ದರಿಂದ ಕ್ಷಾರ ಗುಣದ ಬೋರ್‌ವೆಲ್ ನೀರನ್ನು ಪರೀಕ್ಷಿಸಿಯೇ ಬಳಸಬೇಕು. ಶುದ್ಧ ಮಳೆನೀರನ್ನು ಬೆರೆಸಬಹುದು. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಗಾಳಿಯಾಡಿಸಿ ಒಂದು ದಿನ ಬಿಟ್ಟು ಉಪಯೋಗಿಸಬೇಕು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರನ್ನು ಬದಲಿಸಬೇಕು.

ಆಹಾರ ಕ್ರಮ

ಮರಿಯ ಹೊಟ್ಟೆಯ ಕೆಳಗೆ ಕಿತ್ತಳೆ ಬಣ್ಣದ ಚೀಲವಿದ್ದರೆ ಅದು ಮೊಟ್ಟೆಯ ಭಂಡಾರದ ಉಳಿಕೆ. ಅದು ಬಹುಮಟ್ಟಿಗೆ ಕರಗುವವರೆಗೆ ಬೇರೆ ಆಹಾರ ಬೇಡ. ನಂತರ ಈ ಕ್ರಮವನ್ನು ಅನುಸರಿಸಬಹುದು:

1. 10 ಸೆಂ.ಮೀ. ಉದ್ದದವರೆಗೆ: ಸೊಳ್ಳೆಯ ಮರಿಹುಳು, ಆಗತಾನೆ ಹುಟ್ಟಿದ ಗಪ್ಪಿ ಮರಿ, ದಿನಕ್ಕೆ 3 ಬಾರಿ. ಚರಂಡಿಯ ಮರಿಹುಳು ಬಳಸಬಾರದು.

2. 10ರಿಂದ 20 ಸೆಂ.ಮೀ.: ಹಿಂಗಾಲು ಕಿತ್ತ ಸಣ್ಣ ಮಿಡತೆ, ತೊಳೆದು ಕತ್ತರಿಸಿದ ಎರೆಹುಳು, ಸಿಪ್ಪೆ ಸುಲಿದ ಸೀಗಡಿಯ ಚೂರು, ದಿನಕ್ಕೆ 2 ಬಾರಿ.

3. ಅನಂತರ: ಇವುಗಳೊಂದಿಗೆ ತೇಲುವ ಗುಳಿಗೆ ಆಹಾರವನ್ನು ರೂಢಿಸಬೇಕು.

ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ ಕೊಟ್ಟು, ಉಳಿದುದನ್ನು ಕೂಡಲೇ ತೆಗೆಯಬೇಕು. ಹೊಸ ಆಹಾರವನ್ನು ಮರಿ ಒಂದೆರಡು ದಿನ ಮುಟ್ಟದಿದ್ದರೆ ಗಾಬರಿ ಬೇಡ. ಕುರಿ, ದನದ ಮಾಂಸದ ಕೊಬ್ಬು ಮೀನಿಗೆ ಸರಿಯಾಗಿ ಜೀರ್ಣವಾಗುವುದಿಲ್ಲ. ಪೇಟೆಯಿಂದ ತಂದ ಜೀವಂತ ಮೀನುಗಳಿಂದ ಪರೋಪಜೀವಿಗಳು ಬರುವ ಸಂಭವವಿದೆ.

ಬೇಸಾಯಗಾರರು ಒಂದು ಎಚ್ಚರಿಕೆ ವಹಿಸಬೇಕು. ಕೀಟನಾಶಕ ಸಿಂಪಡಿಸಿದ ಹೊಲದ ಮಿಡತೆಗಳನ್ನು ಎಂದಿಗೂ ತೊಟ್ಟಿಗೆ ಹಾಕಬಾರದು. ಸೈಪರ್‌ಮೆಥ್ರಿನ್ ಗುಂಪಿನ ಔಷಧಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನುಗಳನ್ನು ಕೊಲ್ಲುತ್ತವೆ. ಸಿಂಪರಣೆ ಮಾಡಿ ಬಂದವರು ಕೈ ತೊಳೆಯದೆ ನೀರನ್ನು ಮುಟ್ಟಬಾರದು. ಸೊಳ್ಳೆ ಬತ್ತಿಯಲ್ಲಿರುವುದೂ ಇದೇ ಗುಂಪಿನ ವಿಷ; ಗಾಳಿ ಪಂಪು ಅದರ ಹೊಗೆಯನ್ನು ಎಳೆದು ನೇರವಾಗಿ ನೀರಿಗೆ ಸೇರಿಸುತ್ತದೆ.

ಕೆರೆಗೆ ಬಿಡಬೇಡಿ

ತೊಟ್ಟಿ ಸಾಲದಾದಾಗ ಮೀನನ್ನು ಊರ ಕೆರೆಗೆ ಬಿಡುವುದು ದೊಡ್ಡ ಅಪಾಯ. ಅರೋವಾನಾ ಮಾಂಸಾಹಾರಿ, ಕಾಟ್ಲಾ, ರೋಹು ಬಿತ್ತನೆ ಮರಿಗಳನ್ನು ತಿನ್ನಬಲ್ಲದು. ಅಕ್ವೇರಿಯಮ್‌ಗಳಿಂದ ಹೊರಬಿದ್ದ ಸಕ್ಕರ್ ಮೀನು ದಕ್ಷಿಣ ಭಾರತದ ಹಲವು ಜಲಾಶಯಗಳಲ್ಲಿ ನೆಲೆಯೂರಿರುವುದು ಕಣ್ಣ ಮುಂದಿರುವ ಪಾಠ. ಸಾಕಲಾಗದ ಮೀನನ್ನು ಮಾರಿದವರಿಗೇ ಹಿಂದಿರುಗಿಸಬೇಕು, ಇಲ್ಲವೇ ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಬೇಕು. ಸಲಹೆ ಕೇಳಿ ಬಂದವರಿಗೆ ವಿಸ್ತರಣಾ ಕಾರ್ಯಕರ್ತರು ಈ ವಿಷಯವನ್ನು ಮೊದಲೇ ಮನದಟ್ಟು ಮಾಡಿಕೊಡಬೇಕು. ಮೊದಲು ತೊಟ್ಟಿ, ನಂತರ ನೀರು, ಕೊನೆಗೆ ಮರಿ ಎಂಬ ಕ್ರಮವನ್ನು ಪಾಲಿಸಿದರೆ ಹಾಕಿದ ಹಣ ವ್ಯರ್ಥವಾಗದೆ, ಮೀನು ಅನೇಕ ವರ್ಷ ಮನೆಗೆ ಶೋಭೆ ತರುತ್ತದೆ.