ಡಾನ್ ಕ್ವಿಕ್ಸೋಟನನ್ನು ಮರದಲ್ಲಿ ಕೊರೆದವರು

ಗಾಳಿಗಿರಣಿಗಳನ್ನು ರಾಕ್ಷಸರೆಂದು ತಿಳಿದು ಈಟಿ ಹಿಡಿದು ನುಗ್ಗಿದ ಡಾನ್ ಕ್ವಿಕ್ಸೋಟನ ಕಥೆ ಹೇಳಿದರೆ ತರಗತಿಯಲ್ಲಿ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅದೇ ಪ್ರಸಂಗದ ಹಳೆಯ ಚಿತ್ರವೊಂದನ್ನು ತೋರಿಸಿದರೆ ನಗು ಅರೆಗಳಿಗೆ ನಿಲ್ಲುವುದನ್ನು ನಾವು ಕಂಡಿದ್ದೇವೆ.

ಸ್ಪೇನಿನ ಸರ್ವಾಂಟಿಸ್ ಈ ಕಾದಂಬರಿಯ ಮೊದಲ ಭಾಗವನ್ನು 1605ರಲ್ಲೂ ಎರಡನೆಯದನ್ನು 1615ರಲ್ಲೂ ಪ್ರಕಟಿಸಿದ. ನಾಯಕನು ಐವತ್ತರ ಹತ್ತಿರದವನು, ಒಣಕಲು ಮೈಯವನು, ಬತ್ತಿದ ಮುಖದವನು ಎಂದಷ್ಟೇ ಹೇಳಿ ಕಥೆಗೆ ತೊಡಗಿದ. ಉಳಿದುದನ್ನು ಕಲಾವಿದರು ತುಂಬಿದರು. 1780ರಲ್ಲಿ ಸ್ಪೇನಿನ ರಾಜ ಅಕಾಡೆಮಿಗಾಗಿ ಮ್ಯಾಡ್ರಿಡ್ಡಿನ ಇಬಾರಾ ಎಂಬ ಮುದ್ರಕ ಅಚ್ಚು ಹಾಕಿದ ನಾಲ್ಕು ಸಂಪುಟಗಳಲ್ಲಿ ತಾಮ್ರದ ತಗಡಿನಿಂದ ತೆಗೆದ ಚಿತ್ರಗಳಿದ್ದುವು. ಆದರೆ ಓದುಗರ ಕಣ್ಣಲ್ಲಿ ಬಲವಾಗಿ ನಿಂತ ರೂಪ 1863ರಲ್ಲಿ ಪ್ಯಾರಿಸಿನ ಹಷೆಟ್ ಪ್ರಕಾಶನದ ಫ್ರೆಂಚ್ ಆವೃತ್ತಿಯದು. ಚಿತ್ರಕಾರ ಗುಸ್ತಾವ್ ಡೋರೆಗೆ ಆಗ 31 ವರ್ಷ.

ಮೊದಲ ಚಿತ್ರದಲ್ಲಿ ನಾಯಕ ಕುರ್ಚಿಯಲ್ಲಿ ಕುಳಿತು, ಪುಸ್ತಕ ಹಿಡಿದು, ಕತ್ತಿ ಎತ್ತಿದ್ದಾನೆ. ಓದಿದ ಕಥೆಗಳ ವೀರರೂ ವಿಕಾರ ಜೀವಿಗಳೂ ಕೋಣೆ ತುಂಬ ಮುತ್ತಿಕೊಂಡಿದ್ದಾರೆ. ಇಲ್ಲಿ ನಾವು ಅವನ ತಲೆಯೊಳಗನ್ನೇ ನೋಡುತ್ತೇವೆ. ಗಾಳಿಗಿರಣಿಯ ಚಿತ್ರದಲ್ಲಾದರೋ ರಾಕ್ಷಸರಿಲ್ಲ. ಇರುವುದು ಬರಿಯ ಗಿರಣಿ. ಅದರ ರೆಕ್ಕೆಗೆ ಸಿಕ್ಕಿ ಕುದುರೆಯೊಂದಿಗೆ ಮೇಲಕ್ಕೆ ಚಿಮ್ಮಿದ ಮುದುಕ. ಭ್ರಮೆಯನ್ನು ಕಂಡ ಕಣ್ಣಿಗೆ ಈಗ ಬೀಳುವ ಪೆಟ್ಟು ಕಾಣುತ್ತದೆ. ನಗುವಿನ ಹಿಂದೆ ಕನಿಕರ ಬರುವುದು ಹೀಗೆ.

ಇದು ಡೋರೆಯೊಬ್ಬನ ಕೆಲಸವಲ್ಲ. ಅವನು ಮರದ ಹಲಗೆಯ ಮೇಲೆ ಕುಂಚದಿಂದ ನೆರಳು ಬೆಳಕು ಹಚ್ಚುತ್ತಿದ್ದ. ಅದನ್ನು ಗೆರೆಗಳಾಗಿ ಕೊರೆದವನು ಎಲಿಯೊಡೋರ್ ಪಿಸಾನ್. ಬಿಳಿ ಬೇಕಾದಲ್ಲಿ ಮರವನ್ನು ಕೆತ್ತಿ ತೆಗೆಯಬೇಕು. ಉಬ್ಬಿ ಉಳಿದ ಭಾಗಕ್ಕೆ ಮಸಿ ಹತ್ತುತ್ತದೆ. ಮೋಡದ ಬೂದುಬಣ್ಣ, ಬಯಲಿನ ಧೂಳು, ಬಡಕಲು ರೊಸಿನಾಂಟೆಯ ಪಕ್ಕೆಲುಬು ಎಲ್ಲವೂ ಗೆರೆಯ ದಪ್ಪ ತೆಳುವಿನಿಂದಲೇ ಮೂಡಬೇಕು. ಉಳಿ ಜಾರಿದರೆ ಅಳಿಸಿ ಬರೆಯುವಂತಿಲ್ಲ. ಕೊರೆಯುತ್ತ ಹೋದಂತೆ ಹಲಗೆಯ ಮೇಲಿನ ಮೂಲ ಚಿತ್ರವೂ ಮಾಯವಾಗುತ್ತದೆ. ಕೊನೆಗೆ ನಮಗೆ ದಕ್ಕುವುದು ಕೊರೆದವನ ಕೈಯಲ್ಲಿ ಉಳಿದ ಡೋರೆ.

ಸರ್ವಾಂಟಿಸನ ಹೆಸರು ಲೋಕಕ್ಕೆ ಗೊತ್ತು, ಡೋರೆಯ ಹೆಸರೂ ಹಲವರಿಗೆ ಗೊತ್ತು. ಪಿಸಾನನನ್ನು ಕೇಳಿದವರು ಕಡಿಮೆ. ಆದರೂ ಅವನು ತನ್ನ ಹೆಸರನ್ನು ಸಣ್ಣಕ್ಷರದಲ್ಲಿ ಚಿತ್ರಗಳ ಬುಡದಲ್ಲಿ ಕೊರೆದಿಟ್ಟಿದ್ದಾನೆ. ಮುಂದೆ ಈ ಪುಸ್ತಕ ಕೈಗೆ ಸಿಕ್ಕಾಗ ಓದುಗರು ಕುದುರೆ ಸವಾರನನ್ನು ನೋಡಿ ಮುಗಿಸದೆ, ಆ ಮೂಲೆಗೂ ಒಮ್ಮೆ ಕಣ್ಣು ಹಾಯಿಸಲಿ.